ಕಸಾಯಿಖಾನೆಗೆ ಸೂಕ್ಷ್ಮದರ್ಶಕ ತಂದ ವೈದ್ಯ: ರುಡಾಲ್ಫ್ ವಿರ್ಚೋ

ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ನಮ್ಮಲ್ಲಿ ಅನೇಕರು ರುಡಾಲ್ಫ್ ವಿರ್ಚೋ ಎಂಬ ಹೆಸರನ್ನು ಒಮ್ಮೆ ಓದಿದ್ದೇವೆ. ಪ್ರತಿಯೊಂದು ಜೀವಕೋಶವೂ ಮತ್ತೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ತತ್ತ್ವವನ್ನು ಸಾರಿದ ಜರ್ಮನ್ ವಿಜ್ಞಾನಿ ಎಂದು ಉತ್ತರ ಪತ್ರಿಕೆಯಲ್ಲಿ ಬರೆದು, ಪರೀಕ್ಷೆ ಮುಗಿದೊಡನೆ ಮರೆತಿದ್ದೇವೆ. ಆದರೆ ಈ ಮಹನೀಯರು ಮಾಡಿದ ಇನ್ನೊಂದು ಕೆಲಸ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಸರಿಯಾಗಿ ಬೇಯದ ಮಾಂಸದ ಮೂಲಕ ಮನುಷ್ಯನ ದೇಹವನ್ನು ಸೇರುತ್ತಿದ್ದ, ಕಣ್ಣಿಗೆ ಕಾಣದ ಒಂದು ಹುಳುವಿನ ಗುಟ್ಟನ್ನು ಬಯಲುಮಾಡಿದವರಲ್ಲಿ ಅವರೊಬ್ಬರು. ಅಷ್ಟಕ್ಕೇ ನಿಲ್ಲದೆ, ಆ ಅರಿವು ಪ್ರಯೋಗಾಲಯದಿಂದ ಹೊರಬಂದು ಕಸಾಯಿಖಾನೆಯ ಮೇಜನ್ನು ತಲುಪುವವರೆಗೂ ಅವರು ಹೋರಾಡಿದರು. ಸತ್ಯವನ್ನು ಕಂಡುಹಿಡಿಯುವುದು ಒಂದು ಸಾಧನೆಯಾದರೆ, ಅದನ್ನು ಸಮಾಜವು ಒಪ್ಪಿ ಆಚರಿಸುವಂತೆ ಮಾಡುವುದು ಅದಕ್ಕಿಂತಲೂ ಕಠಿಣವಾದ ಸಾಧನೆ. ಈ ಎರಡನ್ನೂ ಸಾಧಿಸಿದ ಒಂದು ಜೀವನವನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ರುಡಾಲ್ಫ್ ವಿರ್ಚೋ ಅವರು 1821ರ ಅಕ್ಟೋಬರ್ 13ರಂದು ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತದ ಶೀವೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆ ಊರು ಇಂದು ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ಕೃಷಿಕರು, ಊರಿನ ಖಜಾಂಚಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗನನ್ನು ವೈದ್ಯನನ್ನಾಗಿಸುವಷ್ಟು ಸಿರಿವಂತಿಕೆ ಆ ಮನೆಯಲ್ಲಿರಲಿಲ್ಲ. ಸೈನ್ಯಕ್ಕೆ ವೈದ್ಯರನ್ನು ಸಿದ್ಧಪಡಿಸುತ್ತಿದ್ದ ಬರ್ಲಿನ್ನಿನ ಸಂಸ್ಥೆಯೊಂದು ಬಡ ಪ್ರತಿಭಾವಂತರಿಗೆ ಉಚಿತ ಶಿಕ್ಷಣ ನೀಡುತ್ತಿತ್ತು. 1839ರಲ್ಲಿ ವಿರ್ಚೋ ಅಲ್ಲಿಗೆ ಸೇರಿದರು. 1843ರಲ್ಲಿ ವೈದ್ಯ ಪದವಿ ಪಡೆದು, ಬರ್ಲಿನ್ನಿನ ಪ್ರಸಿದ್ಧ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ವಿಭಾಗದಲ್ಲಿ ಕೆಲಸ ಆರಂಭಿಸಿದರು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಅವರು ರಕ್ತದ ಕ್ಯಾನ್ಸರನ್ನು ಗುರುತಿಸಿ ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟರು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಒಂದೆಡೆಯಿಂದ ಕಳಚಿಕೊಂಡು ಹರಿದುಹೋಗಿ ಇನ್ನೊಂದೆಡೆ ನಾಳವನ್ನು ಮುಚ್ಚಬಲ್ಲದೆಂಬುದನ್ನೂ ತೋರಿಸಿಕೊಟ್ಟರು.

1848ರ ಆರಂಭದಲ್ಲಿ ಅವರ ಬದುಕಿಗೆ ತಿರುವು ನೀಡಿದ ಪ್ರಸಂಗವೊಂದು ನಡೆಯಿತು. ಅಪ್ಪರ್ ಸೈಲೇಷಿಯಾ ಎಂಬ ಬಡ ಪ್ರದೇಶದಲ್ಲಿ ಟೈಫಸ್ ಜ್ವರ ಹಬ್ಬಿ ಸಾವಿರಾರು ಜನ ಸಾಯುತ್ತಿದ್ದರು. ಪರಿಶೀಲಿಸಿ ವರದಿ ನೀಡಲು ಪ್ರಷ್ಯಾ ಸರಕಾರ ಕಳುಹಿಸಿದವರಲ್ಲಿ 26ರ ಹರೆಯದ ವಿರ್ಚೋ ಒಬ್ಬರಾಗಿದ್ದರು. ಔಷಧಿಗಳ ಪಟ್ಟಿಯೊಂದನ್ನು ನಿರೀಕ್ಷಿಸಿದ್ದ ಅಧಿಕಾರಿಗಳಿಗೆ ಅವರ ವರದಿ ಆಘಾತವನ್ನೇ ನೀಡಿತು. ಹಸಿವು, ಅಜ್ಞಾನ, ಕೊಳಕು ವಸತಿ ಮತ್ತು ಆಡಳಿತದ ಅಲಕ್ಷ್ಯವೇ ಈ ರೋಗದ ಬೇರು ಎಂದು ಅವರು ಬರೆದಿದ್ದರು. ಅಲ್ಲಿಯ ಜನರಿಗೆ ಶಿಕ್ಷಣ, ರಸ್ತೆ, ಅವರದೇ ಪೋಲಿಷ್ ಭಾಷೆಗೆ ಮನ್ನಣೆ ಮತ್ತು ಸ್ವಾತಂತ್ರ್ಯ ದೊರೆಯಬೇಕೆಂದು ಸೂಚಿಸಿದ್ದರು. ವೈದ್ಯಕೀಯವು ಸಮಾಜವಿಜ್ಞಾನವೂ ಹೌದು ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆಗಲೇ. ಬರ್ಲಿನ್ನಿಗೆ ಮರಳಿದ ಕೆಲವೇ ದಿನಗಳಲ್ಲಿ, ಮಾರ್ಚ್ ತಿಂಗಳ ಕ್ರಾಂತಿಯಲ್ಲಿ ಅವರು ಜನರೊಡನೆ ಬೀದಿಗಿಳಿದರು. ಇದರ ಫಲವಾಗಿ ಸರಕಾರದ ಅವಕೃಪೆಗೆ ಗುರಿಯಾಗಿ, 1849ರಲ್ಲಿ ಬರ್ಲಿನ್ ತೊರೆದು ಬವೇರಿಯಾದ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ತೆರಳಬೇಕಾಯಿತು.

ವೂರ್ಟ್ಸ್‌ಬುರ್ಗ್‌ನ ಏಳು ವರ್ಷಗಳು ಅವರ ಪಾಲಿಗೆ ತಪಸ್ಸಿನ ಕಾಲ. 1850ರಲ್ಲಿ ರೋಸೆ ಮೇಯರ್ ಅವರನ್ನು ವಿವಾಹವಾದರು. ಜೀವಕೋಶದ ಕುರಿತ ಅವರ ಚಿಂತನೆ ಪಕ್ವವಾದದ್ದು ಇಲ್ಲಿಯೇ. ಪರಾವಲಂಬಿ ಹುಳುಗಳ ಕಡೆಗೆ ಅವರ ಗಮನ ಹರಿದದ್ದಕ್ಕೂ ಇಲ್ಲಿ ನಿದರ್ಶನವಿದೆ. ಯಕೃತ್ತಿನಲ್ಲಿ ಬೆಳೆಯುತ್ತಿದ್ದ ಒಂದು ವಿಚಿತ್ರ ಗಡ್ಡೆಯನ್ನು ಆವರೆಗೆ ವೈದ್ಯರು ಕ್ಯಾನ್ಸರಿನ ಒಂದು ಬಗೆ ಎಂದೇ ತಿಳಿದಿದ್ದರು. ಅದು ಲಾಡಿಹುಳುವಿನ ಜಾತಿಗೆ ಸೇರಿದ ಪರಾವಲಂಬಿಯೊಂದರ ಮರಿಗಳಿಂದ ಉಂಟಾದದ್ದೆಂದು 1855ರಲ್ಲಿ ವಿರ್ಚೋ ತೋರಿಸಿದರು. ಮರುವರ್ಷ ಬರ್ಲಿನ್ ಅವರನ್ನು ಗೌರವದಿಂದ ಮರಳಿ ಕರೆಸಿಕೊಂಡು, ಅವರಿಗಾಗಿಯೇ ರೋಗಶಾಸ್ತ್ರದ ಸಂಸ್ಥೆಯೊಂದನ್ನು ಕಟ್ಟಿಸಿಕೊಟ್ಟಿತು.

ಈಗ ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಅದರ ಮೊದಲ ಎಳೆ ಇರುವುದು ಲಂಡನ್ನಿನಲ್ಲಿ. 1835ರಲ್ಲಿ ಅಲ್ಲಿಯ ಸಂತ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಓದುತ್ತಿದ್ದ ಜೇಮ್ಸ್ ಪ್ಯಾಜೆಟ್ ಎಂಬ ವಿದ್ಯಾರ್ಥಿ, ಶವವೊಂದರ ಸ್ನಾಯುಗಳಲ್ಲಿ ಮರಳಿನ ಕಣಗಳಂತಹ ಬಿಳಿಯ ಚುಕ್ಕೆಗಳನ್ನು ಕಂಡರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪ್ರತಿಯೊಂದು ಚುಕ್ಕೆಯೊಳಗೂ ಸುರುಳಿ ಸುತ್ತಿಕೊಂಡ ಪುಟ್ಟ ಹುಳುವಿತ್ತು. ರಿಚರ್ಡ್ ಓವನ್ ಎಂಬ ವಿದ್ವಾಂಸರು ಅದಕ್ಕೆ ಟ್ರಿಕಿನಾ ಎಂದು ನಾಮಕರಣ ಮಾಡಿದರು. ಇಂದು ಅದನ್ನು ಟ್ರಿಕಿನೆಲ್ಲಾ ಎನ್ನುತ್ತಾರೆ. 1846ರಲ್ಲಿ ಅಮೆರಿಕದ ಜೋಸೆಫ್ ಲೀಡಿ ಅವರು ಹಂದಿಯ ಮಾಂಸದಲ್ಲಿಯೂ ಇಂತಹುದೇ ಹುಳುವನ್ನು ಕಂಡರು. ಆದರೂ ಈ ಎರಡು ಸಂಗತಿಗಳನ್ನು ಜೋಡಿಸುವ ಕೊಂಡಿ ದೊರೆತಿರಲಿಲ್ಲ. ಶವಗಳಲ್ಲಿ ಆಗಾಗ ಕಾಣುವ ಒಂದು ನಿರಪಾಯಕಾರಿ ಕೌತುಕ ಎಂದೇ ಹೆಚ್ಚಿನವರು ಭಾವಿಸಿದ್ದರು.

1859ರಲ್ಲಿ ವಿರ್ಚೋ ಒಂದು ಸರಳ ಪ್ರಯೋಗ ಮಾಡಿದರು. ಹುಳುಗಳಿದ್ದ ಮಾನವ ಸ್ನಾಯುವಿನ ತುಣುಕನ್ನು ನಾಯಿಯೊಂದಕ್ಕೆ ತಿನ್ನಿಸಿ, ಕೆಲವು ದಿನಗಳ ಬಳಿಕ ಅದರ ಕರುಳನ್ನು ಪರೀಕ್ಷಿಸಿದರು. ಸ್ನಾಯುವಿನಲ್ಲಿ ಸುರುಳಿ ಸುತ್ತಿ ಮಲಗಿದ್ದ ಮರಿಗಳು ಕರುಳಿನಲ್ಲಿ ಪೂರ್ಣವಾಗಿ ಬೆಳೆದ ಹುಳುಗಳಾಗಿದ್ದವು. ಅದೇ ಕಾಲದಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಎಂಬ ಪ್ರಾಣಿಶಾಸ್ತ್ರಜ್ಞರೂ ಇದೇ ಜಾಡಿನಲ್ಲಿದ್ದರು. ಇಬ್ಬರ ನಡುವೆ ಇದ್ದುದು ಸ್ಪರ್ಧೆಯೂ ಹೌದು, ಪರಸ್ಪರ ಪೂರಕವಾದ ದುಡಿಮೆಯೂ ಹೌದು.

ಕಾಣೆಯಾಗಿದ್ದ ಕೊಂಡಿ 1860ರ ಜನವರಿಯಲ್ಲಿ ಡ್ರೆಸ್ಡೆನ್ ನಗರದಲ್ಲಿ ದೊರೆಯಿತು. ಹೊಲಮನೆಯೊಂದರಲ್ಲಿ ಕೆಲಸಕ್ಕಿದ್ದ ಸುಮಾರು 20 ವರ್ಷದ ಯುವತಿಯೊಬ್ಬಳು ಜ್ವರ ಮತ್ತು ತಡೆಯಲಾರದ ಮೈನೋವಿನಿಂದ ಆಸ್ಪತ್ರೆ ಸೇರಿ ಮೃತಪಟ್ಟಳು. ಟೈಫಾಯ್ಡ್ ಎಂದು ವೈದ್ಯರು ಭಾವಿಸಿದ್ದರು. ಶವಪರೀಕ್ಷೆ ನಡೆಸಿದ ಫ್ರೀಡ್ರಿಶ್ ಝೆಂಕರ್ ಅವರಿಗೆ ಆಕೆಯ ಸ್ನಾಯುಗಳಲ್ಲಿ ಜೀವಂತ ಮರಿಹುಳುಗಳೂ, ಕರುಳಿನಲ್ಲಿ ಬೆಳೆದ ಹುಳುಗಳೂ ಕಂಡವು. ಝೆಂಕರ್ ಅಲ್ಲಿಗೇ ನಿಲ್ಲದೆ ಆಕೆ ದುಡಿಯುತ್ತಿದ್ದ ಮನೆಗೆ ಹೋಗಿ ವಿಚಾರಿಸಿದರು. ಕ್ರಿಸ್‌ಮಸ್ ಸಮಯದಲ್ಲಿ ಅಲ್ಲಿ ಹಂದಿಯೊಂದನ್ನು ಕಡಿಯಲಾಗಿತ್ತು. ಮನೆಯ ಇತರರೂ ಕಾಯಿಲೆ ಬಿದ್ದಿದ್ದರು. ಉಳಿದಿದ್ದ ಮಾಂಸವನ್ನು ಪರೀಕ್ಷಿಸಿದಾಗ ಅದರ ತುಂಬ ಅದೇ ಹುಳು. ಝೆಂಕರ್ ಆ ಯುವತಿಯ ಸ್ನಾಯುವಿನ ತುಣುಕುಗಳನ್ನು ವಿರ್ಚೋ ಮತ್ತು ಲ್ಯೂಕಾರ್ಟ್ ಅವರಿಗೆ ಕಳುಹಿಸಿಕೊಟ್ಟರು. ವಿರ್ಚೋ ಅದನ್ನು ಮೊಲಕ್ಕೆ ತಿನ್ನಿಸಿದರು, ಮೊಲ ಸತ್ತಿತು. ಅದರ ಮಾಂಸವನ್ನು ಇನ್ನೊಂದು ಮೊಲಕ್ಕೆ ತಿನ್ನಿಸಿದಾಗ ಅದಕ್ಕೂ ಅದೇ ಗತಿಯಾಯಿತು. ನಿರಪಾಯಕಾರಿ ಎಂದುಕೊಂಡಿದ್ದ ಹುಳು ಕೊಲೆಗಾರನೆಂಬುದು ಸಂಶಯಾತೀತವಾಯಿತು.

ಹುಳುವಿನ ಜೀವನಚಕ್ರವನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ ಹೀಗಿದೆ. ಬೇಯದ ಮಾಂಸದೊಡನೆ ಹೊಟ್ಟೆ ಸೇರಿದ ಮರಿಗಳನ್ನು ಜಠರದ ರಸವೇ ಕೋಶದಿಂದ ಬಿಡಿಸುತ್ತದೆ. ಸಣ್ಣ ಕರುಳಿನಲ್ಲಿ ಅವು ಒಂದೆರಡು ದಿನಗಳಲ್ಲೇ ಬೆಳೆದು ಕೂಡುತ್ತವೆ. ಸುಮಾರು ಒಂದು ವಾರದಲ್ಲಿ, ಕೇವಲ 3 ಮಿಲಿಮೀಟರ್ ಉದ್ದದ ಹೆಣ್ಣುಹುಳು ಜೀವಂತ ಮರಿಗಳನ್ನು ಹೆರಲಾರಂಭಿಸಿ, ಕೆಲವು ವಾರಗಳಲ್ಲಿ ನೂರಾರು ಮರಿಗಳನ್ನು ಹಡೆಯುತ್ತದೆ. ಮರಿಗಳು ರಕ್ತದೊಡನೆ ಸಾಗಿ ಸ್ನಾಯುಗಳೊಳಗೆ ನುಗ್ಗಿ ಅಲ್ಲಿ ಸುರುಳಿ ಸುತ್ತಿಕೊಂಡು ವರ್ಷಗಟ್ಟಲೆ ಉಳಿಯಬಲ್ಲವು. ರೋಗಿಗೆ ಮೊದಲು ಹೊಟ್ಟೆನೋವು ಮತ್ತು ಭೇದಿ, ಅನಂತರ ಜ್ವರ, ಕಣ್ಣಿನ ಸುತ್ತ ಬಾವು, ಕೈಕಾಲು ಅಲುಗಿಸಲಾಗದಷ್ಟು ನೋವು ಕಾಣಿಸಿಕೊಳ್ಳುತ್ತವೆ. ಹೃದಯಕ್ಕೋ ಉಸಿರಾಟಕ್ಕೋ ಧಕ್ಕೆಯಾದರೆ ಸಾವೂ ಸಂಭವಿಸುತ್ತದೆ. ಹಂದಿಗಳಿಗೆ ಈ ಹುಳು ತಗಲುವುದು ಸತ್ತ ಇಲಿಗಳನ್ನೋ, ಹುಳುವಿರುವ ಹಸಿಮಾಂಸದ ಚೂರುಗಳನ್ನೋ ತಿಂದಾಗ. ಅಂದಿನ ವೈದ್ಯರ ಬಳಿ ಇದಕ್ಕೆ ಔಷಧಿ ಇರಲಿಲ್ಲ. ಆದ್ದರಿಂದ ರೋಗ ಬಾರದಂತೆ ತಡೆಯುವುದೊಂದೇ ದಾರಿಯಾಗಿತ್ತು.

ಆದರೆ ತಡೆಯುವುದು ಸುಲಭವಿರಲಿಲ್ಲ. ಮಧ್ಯ ಜರ್ಮನಿಯ ಜನರಿಗೆ ಹಸಿ ಹಂದಿಮಾಂಸದ ಖೀಮಾವನ್ನು ಉಪ್ಪು, ಮೆಣಸು ಬೆರೆಸಿ ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುವುದು ತಲೆಮಾರುಗಳಿಂದ ಬಂದ ಅಭ್ಯಾಸ. ಸಾಸೇಜುಗಳನ್ನು ಹೊಗೆಯಲ್ಲಿಟ್ಟು ಒಣಗಿಸುತ್ತಿದ್ದರೇ ಹೊರತು ಎಲ್ಲವನ್ನೂ ಬೇಯಿಸುತ್ತಿರಲಿಲ್ಲ. ಉಪ್ಪು ಮತ್ತು ಹೊಗೆಯಿಂದ ಈ ಹುಳು ಸಾಯುತ್ತದೆಂದು ನಂಬುವಂತಿರಲಿಲ್ಲ. 1863ರಲ್ಲಿ ಹೆಟ್‌ಸ್ಟೆಟ್ ಎಂಬ ಊರಿನಲ್ಲಿ ಸುಮಾರು 160 ಮಂದಿ ಕಾಯಿಲೆ ಬಿದ್ದು 25ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಹೊತ್ತಿಗೆ ವಿರ್ಚೋ ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಈ ಹುಳುವಿನ ಬಗ್ಗೆ ಪುಟ್ಟ ಪುಸ್ತಕವೊಂದನ್ನು ಬರೆದು ಪ್ರಕಟಿಸಿದರು. ಮಾಂಸವನ್ನು ಒಳಗಿನವರೆಗೂ ಬೇಯಿಸಬೇಕು, ಕಡಿದ ಪ್ರತಿಯೊಂದು ಹಂದಿಯ ಮಾಂಸವನ್ನೂ ಮಾರಾಟಕ್ಕೆ ಮೊದಲು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು ಎಂಬುದು ಅವರ ಬೋಧನೆಯ ಸಾರ.

ಇದೇ ಕಾಲದ ಒಂದು ಸ್ವಾರಸ್ಯಕರ ಕಥೆ ಲೋಕಪ್ರಸಿದ್ಧವಾಗಿದೆ. ವಿರ್ಚೋ ಅವರು ಪ್ರಷ್ಯಾದ ಶಾಸನಸಭೆಯ ಸದಸ್ಯರೂ ಆಗಿದ್ದು, ಪ್ರಧಾನಿ ಬಿಸ್ಮಾರ್ಕ್ ಅವರ ಉಗ್ರ ಟೀಕಾಕಾರರಾಗಿದ್ದರು. 1865ರಲ್ಲಿ ನೌಕಾಪಡೆಯ ವೆಚ್ಚದ ಕುರಿತ ಚರ್ಚೆಯಲ್ಲಿ ಅವರು ಆಡಿದ ಮಾತಿನಿಂದ ಕೆರಳಿದ ಬಿಸ್ಮಾರ್ಕ್ ಅವರನ್ನು ದ್ವಂದ್ವಯುದ್ಧಕ್ಕೆ ಕರೆದರು. ಆಯುಧವನ್ನು ಆರಿಸುವ ಹಕ್ಕು ಪಡೆದ ವಿರ್ಚೋ ಎರಡು ಸಾಸೇಜುಗಳನ್ನು ಮುಂದಿಟ್ಟು, ಒಂದರಲ್ಲಿ ಹುಳುವಿದೆ, ಇನ್ನೊಂದರಲ್ಲಿಲ್ಲ, ನಿಮಗೆ ಬೇಕಾದುದನ್ನು ತಿನ್ನಿ ಎಂದರಂತೆ, ಬಿಸ್ಮಾರ್ಕ್ ಹಿಂಜರಿದರಂತೆ. ಕರೆ ಬಂದದ್ದು ನಿಜ, ವಿರ್ಚೋ ಅದನ್ನು ನಿರಾಕರಿಸಿದ್ದೂ ನಿಜ. ಸಾಸೇಜಿನ ಪ್ರಸಂಗಕ್ಕೆ ಮಾತ್ರ ಆ ಕಾಲದ ಯಾವ ಆಧಾರವೂ ಇಲ್ಲ. ಅದು ಬಳಿಕ ಹುಟ್ಟಿಕೊಂಡ ಕಟ್ಟುಕಥೆ.

ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆದದ್ದು ಕಟ್ಟುಕಥೆಯಲ್ಲ. ಹೆಡರ್ಸ್‌ಲೇಬೆನ್ ಎಂಬ ಹಳ್ಳಿಯಲ್ಲಿ ಹಸಿ ಖೀಮಾ ತಿಂದ ಜನರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಸುಮಾರು ಎರಡು ಸಾವಿರ ಜನಸಂಖ್ಯೆಯ ಆ ಊರಿನಲ್ಲಿ 337 ಮಂದಿ ರೋಗಗ್ರಸ್ತರಾಗಿ, 101 ಮಂದಿ ಪ್ರಾಣ ಕಳೆದುಕೊಂಡರು. ಈ ಸಂಖ್ಯೆಗಳನ್ನು ಓದುವಾಗ ನಮ್ಮ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ರೋಗದ ಕಾರಣ ಐದು ವರ್ಷಗಳ ಹಿಂದೆಯೇ ತಿಳಿದಿತ್ತು. ತಡೆಯುವ ಉಪಾಯವೂ ಅಚ್ಚಾಗಿ ಪುಸ್ತಕದಂಗಡಿಯಲ್ಲಿತ್ತು. ಆದರೂ ಹಳ್ಳಿಯ ಕಟುಕನ ಮೇಜಿನ ಬಳಿ ಅದನ್ನು ತಿಳಿದವರು ಯಾರೂ ಇರಲಿಲ್ಲ.

ಹೆಡರ್ಸ್‌ಲೇಬೆನ್ನಿನ ಸುದ್ದಿ ಹರಡಿದಾಗ ಜನರು ಭಯದಿಂದ ಹಂದಿಮಾಂಸ ಕೊಳ್ಳುವುದನ್ನೇ ಬಿಟ್ಟರು. ಕಟುಕರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿತು. ಅವರಲ್ಲಿ ಹಲವರು ಈ ಹುಳುವಿನ ಮಾತೆಲ್ಲ ಪ್ರಾಧ್ಯಾಪಕರ ಕಲ್ಪನೆ ಎಂದು ಹಳಿದರು. ತಪಾಸಣೆಯ ಖರ್ಚನ್ನು ಯಾರು ಭರಿಸಬೇಕು, ಅಷ್ಟೊಂದು ಪರೀಕ್ಷಕರನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗಳೆದ್ದವು. ಅವು ಕೇವಲ ಹಟದ ಪ್ರಶ್ನೆಗಳಾಗಿರಲಿಲ್ಲ ಎಂಬುದನ್ನೂ ನಾವು ಒಪ್ಪಬೇಕು. ವಿರ್ಚೋ ಅವರ ನಿಲುವು ಮಾತ್ರ ಸ್ಪಷ್ಟವಾಗಿತ್ತು. ಕೊಳ್ಳುವವನು ತನ್ನ ಕಣ್ಣಿನಿಂದ ಕಾಣಲಾರದ ಅಪಾಯವನ್ನು ತಡೆಯುವುದು ಸಮಾಜದ ಹೊಣೆ. ಜೊತೆಗೆ, ತಪಾಸಣೆ ನಡೆದ ಮಾಂಸವನ್ನು ಜನ ಧೈರ್ಯವಾಗಿ ಕೊಳ್ಳುವುದರಿಂದ ಕಟುಕನಿಗೂ ಅದರಿಂದ ಲಾಭವೇ.

ಕೊನೆಗೆ ಅವರ ಮಾತು ಗೆದ್ದಿತು. 1870ರ ದಶಕದಲ್ಲಿ ಪ್ರಷ್ಯಾದ ಬಹುಭಾಗಗಳಲ್ಲಿ ಹಂದಿಮಾಂಸದ ಸೂಕ್ಷ್ಮದರ್ಶಕ ತಪಾಸಣೆ ಕಡ್ಡಾಯವಾಯಿತು. ತಪಾಸಣೆಯ ವಿಧಾನ ಸರಳವಾಗಿತ್ತು. ಹುಳುಗಳು ಹೆಚ್ಚಾಗಿ ನೆಲೆಸುವ ವಪೆಯ ಸ್ನಾಯುವಿನಿಂದ ಕಾಳಿನಷ್ಟು ಚಿಕ್ಕ ತುಣುಕುಗಳನ್ನು ಕತ್ತರಿಸಿ, ಎರಡು ಗಾಜಿನ ಫಲಕಗಳ ನಡುವೆ ಒತ್ತಿ ತೆಳುವಾಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ನೋಡುವುದು. ಇದಕ್ಕೆ ವೈದ್ಯರೇ ಬೇಕಾಗಿರಲಿಲ್ಲ. ತರಬೇತಿ ಪಡೆದ ಸಾಮಾನ್ಯ ನಾಗರಿಕರೇ ಊರೂರಿನಲ್ಲಿ ಪರೀಕ್ಷಕರಾದರು. 1881ರಲ್ಲಿ ಬರ್ಲಿನ್ ನಗರದ ಕೇಂದ್ರ ಕಸಾಯಿಖಾನೆ ಆರಂಭವಾಯಿತು. ನಗರದ ಮಾಂಸ ಒಂದೆಡೆ, ತಪಾಸಣೆಯ ಕಣ್ಣಿನ ಕೆಳಗೆ ಸಿದ್ಧವಾಗಬೇಕೆಂದು ವಿರ್ಚೋ ಬಹುಕಾಲದಿಂದ ವಾದಿಸುತ್ತ ಬಂದಿದ್ದರು. 1900ರಲ್ಲಿ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಅನ್ವಯಿಸುವ ಮಾಂಸ ತಪಾಸಣೆಯ ಕಾನೂನು ಬಂದಿತು. ಆಗ ವಿರ್ಚೋ ಅವರಿಗೆ 78 ವರ್ಷ.

1859ರಿಂದ ಕೊನೆಯುಸಿರಿನವರೆಗೂ ಅವರು ಬರ್ಲಿನ್ ನಗರಸಭೆಯ ಸದಸ್ಯರಾಗಿದ್ದರು ಎಂಬುದು ಗಮನಾರ್ಹ. ಪ್ರಪಂಚವೇ ಗೌರವಿಸುತ್ತಿದ್ದ ವಿಜ್ಞಾನಿಯೊಬ್ಬರು ನಾಲ್ಕು ದಶಕಗಳ ಕಾಲ ಚರಂಡಿ, ನೀರು, ಮಾರುಕಟ್ಟೆ, ಆಸ್ಪತ್ರೆಗಳ ಚರ್ಚೆಯಲ್ಲಿ ಕುಳಿತರು. ಎಂಜಿನಿಯರ್ ಜೇಮ್ಸ್ ಹೋಬ್ರೆಶ್ಟ್ ಅವರು ರೂಪಿಸಿದ ಬರ್ಲಿನ್ನಿನ ಒಳಚರಂಡಿ ವ್ಯವಸ್ಥೆಯ ಕೆಲಸ 1873ರಲ್ಲಿ ಆರಂಭವಾಗುವುದರ ಹಿಂದೆ ವಿರ್ಚೋ ಅವರ ಬೆಂಬಲವಿತ್ತು. ಇದರ ನಡುವೆ ಪುರಾತತ್ತ್ವದಲ್ಲಿಯೂ ಆಸಕ್ತಿ ವಹಿಸಿ, 1879ರಲ್ಲಿ ಶ್ಲೀಮನ್ ಅವರೊಡನೆ ಟ್ರಾಯ್ ನಗರದ ಉತ್ಖನನಕ್ಕೂ ಹೋಗಿಬಂದರು. 60 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳ ಕೂದಲು ಮತ್ತು ಕಣ್ಣಿನ ಬಣ್ಣದ ಸಮೀಕ್ಷೆ ನಡೆಸಿ, ಶುದ್ಧ ಜರ್ಮನ್ ಜನಾಂಗವೆಂಬ ಭ್ರಮೆಗೆ ಆಧಾರವಿಲ್ಲವೆಂದು ತೋರಿಸಿದರು.

ಮಹಾಪುರುಷರ ಜೀವನ ಬರೆಯುವಾಗ ದೋಷಗಳನ್ನು ಮರೆಮಾಚುವುದು ಸಲ್ಲದು. ಹೆರಿಗೆಯ ವಾರ್ಡುಗಳಲ್ಲಿ ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ತಪ್ಪುತ್ತದೆಂದ ಸೆಮ್ಮೆಲ್‌ವೈಸ್ ಅವರ ಮಾತನ್ನು ವಿರ್ಚೋ ಒಪ್ಪಲಿಲ್ಲ. ಬ್ಯಾಕ್ಟೀರಿಯಾಗಳೇ ರೋಗಗಳಿಗೆ ಕಾರಣವೆಂಬ ಸಿದ್ಧಾಂತವನ್ನೂ ಬಹಳ ವರ್ಷ ಸಂಶಯದಿಂದಲೇ ಕಂಡರು. ಹೊರಗಿನಿಂದ ಬಂದ ಹುಳುವೊಂದು ಮನುಷ್ಯನನ್ನು ಕೊಲ್ಲಬಲ್ಲದೆಂದು ಜಗತ್ತಿಗೆ ಸಾರಿದವರೇ, ಅದಕ್ಕಿಂತ ಚಿಕ್ಕ ಜೀವಿಯ ವಿಷಯದಲ್ಲಿ ಹಿಂಜರಿದರು. ತಮ್ಮ ಮಾತನ್ನು ಒಪ್ಪದ ಕಟುಕರಿಂದ ಅವರು ಅನುಭವಿಸಿದ ಕಷ್ಟವನ್ನೇ ಅವರಿಂದ ಇನ್ನೊಬ್ಬರು ಅನುಭವಿಸುವಂತಾಯಿತು.

1902ರ ಜನವರಿಯಲ್ಲಿ, 80 ತುಂಬಿದ್ದ ವಿರ್ಚೋ ಬರ್ಲಿನ್ನಿನ ಬೀದಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದರಿಂದ ಚೇತರಿಸಿಕೊಳ್ಳಲಾಗದೆ ಅದೇ ವರ್ಷ ಸೆಪ್ಟೆಂಬರ್ 5ರಂದು ನಿಧನರಾದರು. ಅವರ ಹೆಸರಿನ ಆಸ್ಪತ್ರೆ 1906ರಲ್ಲಿ ಬರ್ಲಿನ್ನಿನಲ್ಲಿ ತೆರೆಯಿತು.

ಇದೆಲ್ಲ ನಮಗೇಕೆ ಎಂದು ಓದುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಕೊಡಗಿನ ಪಂದಿಕರಿಯಾಗಲಿ, ಕರಾವಳಿಯ ಕ್ರೈಸ್ತ ಬಂಧುಗಳ ಮನೆಯ ಹಂದಿಮಾಂಸದ ಅಡುಗೆಯಾಗಲಿ, ಒಲೆಯ ಮೇಲೆ ಬಹಳ ಹೊತ್ತು ಬೆಂದೇ ಎಲೆಗೆ ಬರುತ್ತದೆ. ಟ್ರಿಕಿನೆಲ್ಲಾ ರೋಗ ನಮ್ಮ ದೇಶದಲ್ಲಿ ವಿರಳ. ಆದರೆ ಹಂದಿಯ ಲಾಡಿಹುಳು ವಿರಳವಲ್ಲ. ಅದರ ಮರಿಗಳು ಮನುಷ್ಯನ ಮಿದುಳಿನಲ್ಲಿ ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಬಗೆಯೊಂದನ್ನು 1860ರಲ್ಲಿ ವಿವರಿಸಿದವರೂ ವಿರ್ಚೋ ಅವರೇ. ಅರೆಬೆಂದ ಮಾಂಸ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನ ಮಲದೊಡನೆ ಹೊರಬಿದ್ದ ಮೊಟ್ಟೆಗಳು ಕೊಳಕು ನೀರು, ತೊಳೆಯದ ಸೊಪ್ಪು ತರಕಾರಿ, ತೊಳೆಯದ ಕೈಗಳ ಮೂಲಕ ಬೇರೆಯವರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿಗೂ ಹೋಗಿ ನೆಲೆಸಬಹುದು. ಪರಿಣಾಮವಾಗಿ ಮೂರ್ಛೆರೋಗ ಬರುತ್ತದೆ. ಈ ಸೋಂಕು ಬೇರೂರಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇಕಡಾ 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಜನ್ಮದಲ್ಲಿ ಮಾಂಸ ಮುಟ್ಟದವರೂ ಇದಕ್ಕೆ ಹೊರತಲ್ಲ. ಆದ್ದರಿಂದ ಸಸ್ಯಾಹಾರಿಯ ಆರೋಗ್ಯವೂ ಊರಿನ ಚರಂಡಿಯನ್ನು, ನೆರೆಮನೆಯ ಒಲೆಯನ್ನು, ಮಾರುಕಟ್ಟೆಯ ತಪಾಸಣೆಯನ್ನು ಅವಲಂಬಿಸಿದೆ. ಸೈಲೇಷಿಯಾದ ಬಡಜನರ ನಡುವೆ ವಿರ್ಚೋ ಕಂಡುಕೊಂಡ ಪಾಠವೂ ಇದೇ ಅಲ್ಲವೇ?

ಜರ್ಮನ್ನರು ಇಂದಿಗೂ ಹಸಿ ಖೀಮಾವನ್ನು ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುತ್ತಾರೆ. ಅಲ್ಲಿ ಅದು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣ, ಹಂದಿಮಾಂಸವನ್ನು ಈ ಹುಳುವಿಗಾಗಿ ಪರೀಕ್ಷಿಸುವ ಪದ್ಧತಿ ಇನ್ನೂ ಉಳಿದಿರುವುದು. ಗಾಜಿನ ಫಲಕಗಳ ಬದಲು ಈಗ ಮಾಂಸದ ತುಣುಕುಗಳನ್ನು ಆಮ್ಲದಲ್ಲಿ ಕರಗಿಸಿ ಮರಿಹುಳುಗಳನ್ನು ಹುಡುಕುತ್ತಾರೆ. ಅಂತಹ ತಪಾಸಣೆ ಎಲ್ಲೆಡೆಯೂ ಇಲ್ಲದಿರುವ ನಮ್ಮಲ್ಲಿ ಮಾಂಸವನ್ನು ಒಳಗಿನವರೆಗೂ ಬೇಯಿಸುವುದು, ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಉಣ್ಣುವ ಮೊದಲು ಕೈ ತೊಳೆಯುವುದು ಇವೇ ರಕ್ಷಣೆ. ನಮ್ಮ ಅಜ್ಜಿಯಂದಿರು ಇದನ್ನು ಮಡಿ, ಶುಚಿ ಎಂಬ ಹೆಸರಿನಲ್ಲಿ ಪಾಲಿಸಿದರು. ಅದರ ಕಾರಣವನ್ನು ತಿಳಿದು ಪಾಲಿಸುವ ಅವಕಾಶ ನಮಗಿದೆ. ಹೆಡರ್ಸ್‌ಲೇಬೆನ್ನಿನ 101 ಮಂದಿಗೆ ಆ ಅವಕಾಶ ದೊರೆತಿರಲಿಲ್ಲ. ಅವರ ನಂತರ ಬಂದವರಿಗೆ ಅದು ದೊರೆಯಲೆಂದು ದುಡಿದ ಈ ವೈದ್ಯನನ್ನು ನಾವು ಕೃತಜ್ಞತೆಯಿಂದ ಸ್ಮರಿಸೋಣ.